70ರ ದಶಕದ ಬ್ರಿಟಿಷ್ ಲಾಗರ್: ಬೆಂಗಳೂರಿನಲ್ಲಿ 20 ಲೀಟರಿನ ಟ್ರಯಲ್ ಬ್ಯಾಚ್

ಗ್ಲಾಸ್ಗೋದ ಟೆನೆಂಟ್ಸ್ ಬ್ರೂವರಿ 1885ರಲ್ಲೇ ಲಾಗರ್, ಅಂದರೆ ತಣ್ಣಗೆ ಹುದುಗಿಸುವ ತಿಳಿ ಬಿಯರ್, ಮಾಡತೊಡಗಿತ್ತು. ಆದರೂ ಬ್ರಿಟನ್ನಿನ ಪಬ್ಬುಗಳನ್ನು ಲಾಗರ್ ಹಿಡಿದದ್ದು 1960, 70ರ ದಶಕಗಳಲ್ಲಿ. ಹಾರ್ಪ್, ಸ್ಕೋಲ್, ಕಾರ್ಲಿಂಗ್ ಬ್ಲ್ಯಾಕ್ ಲೇಬಲ್ ಬ್ರ್ಯಾಂಡ್‌ಗಳ ಕಾಲದಲ್ಲಿ. ಮ್ಯಾಶ್‌ನ (ಬಿಸಿನೀರಿನಲ್ಲಿ ಕಲಸಿದ ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಒಂದು ಪಾಲನ್ನು ತೆಗೆದು ಕುದಿಸಿ ಮತ್ತೆ ಸುರಿಯುವ ಜರ್ಮನ್ ಪದ್ಧತಿಯನ್ನಾಗಲಿ, ತಿಂಗಳುಗಟ್ಟಲೆ ತಣ್ಣಗಿಡುವುದನ್ನಾಗಲಿ ಅಲ್ಲಿ ಹೆಚ್ಚಿನವರು ಪಾಲಿಸಲಿಲ್ಲ. ಒಂದೇ ಬಿಸಿಯಲ್ಲಿ ಮ್ಯಾಶ್, ಮಾಲ್ಟ್ ಜೊತೆಗೆ ಮೆಕ್ಕೆಜೋಳ, ಅಕ್ಕಿ ಅಥವಾ ಸಕ್ಕರೆ, ಹುದುಗುವ ಮುನ್ನ ಗ್ರ್ಯಾವಿಟಿ (ನೀರಿಗೆ ಹೋಲಿಸಿದ ಸಾಂದ್ರತೆ) 1.030ರಿಂದ 1.035. ಇಷ್ಟು ತೆಳು ಬಿಯರಿನಲ್ಲಿ ಸಣ್ಣ ತಪ್ಪೂ ನಾಲಿಗೆಗೆ ಸಿಕ್ಕಿಬಿಡುತ್ತದೆ.

ಕರ್ನಾಟಕದಲ್ಲಿ ಅಬಕಾರಿ ಪರವಾನಗಿ ಇಲ್ಲದೆ ಬಿಯರ್ ತಯಾರಿಸುವಂತಿಲ್ಲ. ಕೆಳಗಿನ ಅಳತೆ ಮೈಕ್ರೋಬ್ರೂವರಿಗಳ ಟ್ರಯಲ್ ಸೆಟ್‌ಗೆ.

ಬೇಕಾದ್ದು: ಪಿಲ್ಸ್ನರ್ ಮಾಲ್ಟ್ 2.2 ಕೆಜಿ, ದಪ್ಪ ಅವಲಕ್ಕಿ 450 ಗ್ರಾಂ, ಸಕ್ಕರೆ 200 ಗ್ರಾಂ, 10% ಆಲ್ಫಾ ಆಮ್ಲ (ಕಹಿಯ ಮೂಲ) ಇರುವ ಟಾರ್ಗೆಟ್ ತಳಿಯ ಹಾಪ್ಸ್ ಹೂ 15 ಗ್ರಾಂ, ಡಬ್ಲ್ಯೂ-34/70 ಲಾಗರ್ ಯೀಸ್ಟ್ 11.5 ಗ್ರಾಮಿನ ಎರಡು ಪ್ಯಾಕೆಟ್. ಬ್ರಿಟನ್ನಿನಲ್ಲಿ ಹಾಕುತ್ತಿದ್ದ ಮೆಕ್ಕೆಜೋಳದ ಫ್ಲೇಕ್ಸ್ ಮಾಡುವ ಕೆಲಸವನ್ನೇ ಇಲ್ಲಿ ಅವಲಕ್ಕಿ ಮಾಡುತ್ತದೆ. ಅದರ ಪಿಷ್ಟ ಆಗಲೇ ಬೆಂದಿರುವುದರಿಂದ ನೇರ ಮ್ಯಾಶ್‌ಗೆ ಸುರಿಯಬಹುದು. ನುಚ್ಚಕ್ಕಿಯಾದರೆ ಬೇರೆ ಪಾತ್ರೆಯಲ್ಲಿ ಬೇಯಿಸಲೇಬೇಕು. ಪೇಪರ್ ಅವಲಕ್ಕಿ ಬೇಡ, ಅಂಟಾಗಿ ಸೋಸುವಾಗ ಕಟ್ಟಿಕೊಳ್ಳುತ್ತದೆ.

ಬೋರ್‌ವೆಲ್ ನೀರಿನ ಗಡಸುತನ ಈ ಬಿಯರಿಗೆ ಒರಟು ಕಹಿ ತರುತ್ತದೆ. 28 ಲೀಟರ್ ಆರ್‌ಒ ನೀರಿಗೆ 4 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಸಾಕು. 7 ಲೀಟರ್ ನೀರನ್ನು 72 ಡಿಗ್ರಿಗೆ ಕಾಯಿಸಿ ಮಾಲ್ಟ್, ಅವಲಕ್ಕಿ ಕಲಸಿದರೆ ಮ್ಯಾಶ್ 65 ಡಿಗ್ರಿಗೆ ನಿಲ್ಲುತ್ತದೆ. ಲ್ಯಾಕ್ಟಿಕ್ ಆಮ್ಲದಿಂದ ಪಿಎಚ್ 5.3–5.4ಕ್ಕೆ ತನ್ನಿ. ಒಂದು ಗಂಟೆಯ ನಂತರ ಬಿಳಿ ತಟ್ಟೆಯ ಮೇಲೆ ಒಂದು ಹನಿ ವರ್ಟ್ (ಮ್ಯಾಶ್‌ನ ಸಿಹಿ ರಸ), ಒಂದು ಹನಿ ಅಯೋಡಿನ್ ಬೆರೆಸಿ. ನೀಲಿಗಪ್ಪಾದರೆ ಪಿಷ್ಟ ಉಳಿದಿದೆ, ಇನ್ನೂ ಕಾಲು ಗಂಟೆ ಬಿಡಿ. ಆಮೇಲೆ 76 ಡಿಗ್ರಿಯ ಸುಮಾರು 21 ಲೀಟರ್ ನೀರಿನಿಂದ ಮ್ಯಾಶ್ ತೊಳೆದು 25–26 ಲೀಟರ್ ವರ್ಟ್ ತೆಗೆಯಿರಿ.

ಕುದಿಸುವುದು ಪೂರಾ 90 ನಿಮಿಷ, ಮುಚ್ಚಳ ತೆರೆದೇ. ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ತಿಳಿ ಮಾಲ್ಟ್‌ನಿಂದ ಹುಟ್ಟುವ, ಬೇಯಿಸಿದ ಕೋಸಿನಂಥ ವಾಸನೆಯ ಡಿಎಂಎಸ್ ಆ ಬಿಸಿಯಲ್ಲಿ ನಿಧಾನವಾಗಿ ಬಿಟ್ಟುಹೋಗುತ್ತದೆ. ಸಮುದ್ರಮಟ್ಟದ 60 ನಿಮಿಷದ ಲೆಕ್ಕ ಇಲ್ಲಿಗೆ ಸಾಲದು. ಕೊನೆಗೆ 60 ನಿಮಿಷ ಉಳಿದಾಗ ಹಾಪ್ಸ್, 10 ನಿಮಿಷ ಉಳಿದಾಗ ಸಕ್ಕರೆ. ಬೇಗ ತಣಿಸಿ.

ಈಗ ಬರುವುದೇ ನಿಜವಾದ ಪರೀಕ್ಷೆ. ಯೀಸ್ಟ್ 12 ಡಿಗ್ರಿಯಲ್ಲಿ ಹಾಕಿ, 13ರಲ್ಲಿ ನಡೆಸಿ. ಟ್ಯಾಂಕ್ ಬೇಗ ಖಾಲಿಯಾಗಲೆಂದು ಬ್ರಿಟಿಷ್ ಬ್ರೂವರಿಗಳು ಬೆಚ್ಚಗೇ ಹುದುಗಿಸುತ್ತಿದ್ದವು, ಆದರೆ ಆ ಆತುರಕ್ಕೂ ಒಂದು ಮಿತಿ ಇದೆ. ಯೀಸ್ಟ್ ಹೊರಬಿಟ್ಟ ಅಸಿಟೊಲ್ಯಾಕ್ಟೇಟ್ ತಾನಾಗಿಯೇ, ನಿಧಾನವಾಗಿ, ಬೆಣ್ಣೆ ವಾಸನೆಯ ಡೈಅಸಿಟೈಲ್ ಆಗುತ್ತದೆ. ಅದನ್ನು ಮತ್ತೆ ಹೀರಿಕೊಳ್ಳುವುದೂ ಯೀಸ್ಟೇ. ಮೊದಲೇ ತಣ್ಣಗೆ ಮಾಡಿದರೆ ಯೀಸ್ಟ್ ತಳ ಸೇರಿ, ವಾಸನೆ ಕೆಗ್‌ನಲ್ಲಿ (ಬಿಯರ್ ತುಂಬುವ ಪೀಪಾಯಿ) ಏಳುತ್ತದೆ. ಆದ್ದರಿಂದ ಗ್ರ್ಯಾವಿಟಿ 1.012ಕ್ಕೆ ಇಳಿದಾಗ 16 ಡಿಗ್ರಿಗೆ ಏರಿಸಿ. 1.008ರಲ್ಲಿ ನಿಂತ ಮೇಲೆ ಸ್ವಲ್ಪ ಬಿಯರನ್ನು ಮುಚ್ಚಿದ ಲೋಟದಲ್ಲಿ 60 ಡಿಗ್ರಿಯ ನೀರಿನೊಳಗೆ 20 ನಿಮಿಷ ಇಟ್ಟು, ತಣಿಸಿ ಮೂಸಿ. ಬೆಣ್ಣೆ ಬಂದರೆ ಇನ್ನೆರಡು ದಿನ ಕಾಯಿರಿ. ಗ್ರ್ಯಾವಿಟಿ ಮುಟ್ಟಿತೆಂದು ಈ ಪರೀಕ್ಷೆ ಬಿಡಬೇಡಿ.

ಆಮೇಲೆ 0 ಡಿಗ್ರಿಯಲ್ಲಿ ಎರಡು ವಾರ. ಆಲ್ಕೋಹಾಲ್ 3.4% ಸುಮಾರು. 2 ಡಿಗ್ರಿಯ ಕೆಗ್‌ನಲ್ಲಿ 2.5 ವಾಲ್ಯೂಮ್ (ಬಿಯರಿನ ಎರಡೂವರೆ ಪಟ್ಟು) ಗ್ಯಾಸ್ ತುಂಬಲು ಗೇಜ್ ಸುಮಾರು 0.8 ಬಾರ್ ತೋರಿಸಬೇಕು. ಪುಸ್ತಕದ ಕೋಷ್ಟಕಗಳು ಸಮುದ್ರಮಟ್ಟದವು, ನಮ್ಮೂರಿಗೆ 0.1 ಬಾರ್ ಹೆಚ್ಚು, ಮೇಲಿನ ಲೆಕ್ಕದಲ್ಲಿ ಅದು ಸೇರಿದೆ. ಬಿಯರ್ ಸಪ್ಪೆ ಎನಿಸಿದರೆ ಮೊದಲು ನೋಡಬೇಕಾದ್ದು ಇದನ್ನೇ.