ಹಳೆ ಕ್ಯಾಂಪರ್ ವ್ಯಾನಿನಲ್ಲಿ ನೀರು ಸೋರುತ್ತಿದೆಯೇ? ಬಿಚ್ಚುವ ಮೊದಲು ಹುಡುಕಿ

ಸೆಕೆಂಡ್ ಹ್ಯಾಂಡ್ ಕ್ಯಾಂಪರ್ ವ್ಯಾನು, ಅಂದರೆ ಒಳಗೇ ಅಡುಗೆ ಮಾಡಿ ಮಲಗಲು ವ್ಯವಸ್ಥೆ ಇರುವ ಗಾಡಿ, ಕೊಳ್ಳುವವರು ಎಂಜಿನ್ ನೋಡುತ್ತಾರೆ, ಟೈರು ನೋಡುತ್ತಾರೆ, ತುಕ್ಕು ನೋಡುತ್ತಾರೆ. ಸಿಂಕಿನ ಕೆಳಗಿನ ಬಾಗಿಲು ತೆಗೆದು ಬಗ್ಗಿ ನೋಡುವವರು ಕಡಿಮೆ. ಟ್ರಾವೆಲರ್ ಇರಲಿ, ವಿಂಗರ್ ಇರಲಿ, ನಮ್ಮಲ್ಲಿ ಇಂಥ ಗಾಡಿಗಳು ಬಹುತೇಕ ಆಮೇಲೆ ಮಾರ್ಪಾಡು ಮಾಡಿಸಿದವು. ಹಾಗಾಗಿ ಪೈಪ್ ಕೆಲಸ ಒಂದೊಂದು ಗಾಡಿಯಲ್ಲಿ ಒಂದೊಂದು ಥರ. ಮನೆಗೆ ಹಾಕುವ ಗಟ್ಟಿ ಪ್ಲಾಸ್ಟಿಕ್ಕಿನ ಸಿಪಿವಿಸಿ ಪೈಪನ್ನೇ ಹಾಕಿಸಿದವರಿದ್ದಾರೆ. ಬರೀ ಹೋಸ್ ಪೈಪು, ಕ್ಲಿಪ್ಪಿನಲ್ಲಿ ಮುಗಿಸಿದವರೂ ಇದ್ದಾರೆ. ತುಂಬಿದ ಟ್ಯಾಂಕಿನೊಂದಿಗೆ ಆಗುಂಬೆ ಘಾಟಿಯ 14 ತಿರುವು ಹತ್ತಿ ಇಳಿದರೆ ಎಲ್ಲೋ ಒಂದು ಜಾಯಿಂಟ್ ಸಡಿಲ ಆಗುವುದು ಸಹಜ.

ಸಣ್ಣ ಸೋರಿಕೆ ಅಂತ ಸುಮ್ನೆ ಬಿಡಬೇಡಿ. ಸೆಕೆಂಡಿಗೆ ಒಂದು ಹನಿ ಬಿದ್ದರೂ ದಿನಕ್ಕೆ ನಾಲ್ಕು ಲೀಟರ್ ದಾಟುತ್ತದೆ. ಬಯಲುಸೀಮೆಯ ಬಿಸಿಲಿಗೆ ಅದರಲ್ಲಿ ಸ್ವಲ್ಪ ಒಣಗಿ ಹೋದೀತು. ತೀರ್ಥಹಳ್ಳಿಯಲ್ಲೋ ಹೊಸನಗರದಲ್ಲೋ ಜುಲೈ ತಿಂಗಳಲ್ಲಿ ಹಗ್ಗಕ್ಕೆ ಹಾಕಿದ ಬಟ್ಟೆಯೇ ಒಣಗುವುದಿಲ್ಲ, ಇನ್ನು ನೆಲಹಾಸಿನ ಕೆಳಗಿನ ಪ್ಲೈವುಡ್ ಒಣಗುವ ಮಾತೆಲ್ಲಿ? ಮೊದಲು ಬೂಷ್ಟು ಹಿಡಿಯುತ್ತದೆ, ಆಮೇಲೆ ಹಲಗೆ ಕೊಳೆಯುತ್ತದೆ. ನಲ್ವತ್ತು ರೂಪಾಯಿಯ ವಾಷರ್‌ನಲ್ಲಿ ಮುಗಿಯುವ ಕೆಲಸ ಇಡೀ ನೆಲ ಕಿತ್ತು ಹಾಕುವ ತನಕ ಹೋಗುತ್ತದೆ.

ಸ್ಪ್ಯಾನರ್ ಹಿಡಿದುಕೊಂಡು ಕೂರುವ ಮುಂಚೆ ಒಂದು ವಿಷಯ ತಿಳಿದಿರಲಿ. ನೀರು ಸೋರುವ ಜಾಗ ಒಂದು, ಕಾಣಿಸುವ ಜಾಗ ಇನ್ನೊಂದು. ಪೈಪಿನ ಅಡಿಗುಂಟ ಹನಿ ಜಾರಿಕೊಂಡು ಹೋಗುತ್ತದೆ, ಗಾಡಿ ಯಾವ ಕಡೆಗೆ ವಾಲಿದೆಯೋ ಆ ಕಡೆ ಹರಿಯುತ್ತದೆ. ಹಿಂದಿನ ಟ್ಯಾಂಕಿನ ನೀರು ಮುಂದಿನ ಸೀಟಿನ ಕೆಳಗೆ ಬಂದು ನಿಂತಿರಬಹುದು. ಒದ್ದೆ ಕಂಡ ಕಡೆಯೇ ಬಿಚ್ಚಿದರೆ ಚೆನ್ನಾಗಿದ್ದ ಜಾಯಿಂಟನ್ನೂ ಕೆಡಿಸಿದ ಹಾಗಾಗುತ್ತದೆ. ಹುಡುಕುವುದಕ್ಕೆ ಒಂದು ಇಡೀ ದಿನ ಕೊಡಿ.

ಶುರು ಮಾಡುವ ಮೊದಲು ಹೊರಗಿನಿಂದ ಕರೆಂಟ್ ಕೊಟ್ಟಿದ್ದರೆ ಪ್ಲಗ್ ಕಿತ್ತುಬಿಡಿ. ಇನ್ವರ್ಟರ್ ಆಫ್ ಮಾಡಿ. ಬ್ಯಾಟರಿಯಾಗಲಿ ಇನ್ವರ್ಟರ್ ಆಗಲಿ ಒದ್ದೆ ನೆಲದ ಮೇಲಿದ್ದರೆ ಅದನ್ನು ಮೊದಲು ಎತ್ತಿಡಬೇಕು.

ಮಳೆ ನೀರೋ, ಟ್ಯಾಂಕಿನ ನೀರೋ?

ಮಲೆನಾಡಿನಲ್ಲಿ ಮೊದಲ ಪ್ರಶ್ನೆಯೇ ಇದು. ಇದಕ್ಕೆ ಉತ್ತರ ಸಿಗದೆ ಪೈಪಿಗೆ ಕೈ ಹಾಕಬೇಡಿ. ಟ್ಯಾಂಕ್ ಪೂರ್ತಿ ಖಾಲಿ ಮಾಡಿ. ಪಂಪ್ ಆಫ್ ಮಾಡಿ, ನಲ್ಲಿಗಳನ್ನೆಲ್ಲ ತೆರೆದು ಪೈಪಿನಲ್ಲಿ ಉಳಿದ ನೀರನ್ನೂ ಬಿಡಿ. ನೆಲ ಒರೆಸಿ, ಒಂದು ರಾತ್ರಿ ಗಾಡಿಯನ್ನು ಮಳೆಯಲ್ಲೇ ನಿಲ್ಲಿಸಿ. ಬೆಳಿಗ್ಗೆ ನೆಲ ಒದ್ದೆ ಆಗಿದ್ದರೆ ನಿಮಗೆ ಬೇಕಿರುವುದು ಪ್ಲಂಬಿಂಗ್ ಅಲ್ಲ. ಚಾವಣಿಯ ಫ್ಯಾನಿನ ಸುತ್ತಲಿನ ಸೀಲು, ಕಿಟಕಿಯ ರಬ್ಬರು, ಹಿಂದಿನ ಲೈಟಿನ ಗ್ಯಾಸ್ಕೆಟ್ಟು, ಸೋಲಾರ್ ಪ್ಯಾನೆಲ್ ಕೂರಿಸಲು ಕೊರೆದ ತೂತು, ಇವನ್ನು ನೋಡಿ.

ಮುಂದಿನ ಗಾಜಿನ ಬುಡದಲ್ಲಿ, ವೈಪರ್ ಕೂರುವ ಜಾಗದಲ್ಲಿ ನೀರು ಇಳಿದು ಹೋಗಲು ಸಣ್ಣ ಕಿಂಡಿಗಳಿರುತ್ತವೆ. ಮರದ ಕೆಳಗೆ ನಿಲ್ಲಿಸುವ ಗಾಡಿಯಲ್ಲಿ ತರಗೆಲೆ ಸೇರಿಕೊಂಡು ಆ ಕಿಂಡಿ ಮುಚ್ಚಿಹೋಗುತ್ತದೆ. ನೀರು ಅಲ್ಲೇ ತುಂಬಿ ಕಾಲಿಡುವ ಜಾಗಕ್ಕೆ ಇಳಿಯುತ್ತದೆ. ಬೆರಳು ಹಾಕಿ ಎಲೆ ತೆಗೆದರೆ ಮುಗಿಯಿತು.

ಮಳೆಯಿಲ್ಲದ ಕಾಲದಲ್ಲಿ ಇದೇ ಪರೀಕ್ಷೆಗೆ ಇಬ್ಬರು ಬೇಕು. ಹೊರಗಿನಿಂದ ಒಬ್ಬರು ಹೋಸ್ ಪೈಪಿನಲ್ಲಿ ಕೆಳಗಿನಿಂದ ಮೇಲಕ್ಕೆ ನೀರು ಬಿಡುತ್ತಾ ಬರಬೇಕು, ಒಳಗೆ ಇನ್ನೊಬ್ಬರು ಟಾರ್ಚ್ ಹಿಡಿದು ಕೂರಬೇಕು.

ಪಂಪಿನ ಸದ್ದು ಕೇಳಿಸಿಕೊಳ್ಳಿ

ನೆಲ ಒಣಗಿಯೇ ಇತ್ತು ಅಂದರೆ ತೊಂದರೆ ಒಳಗಿನದ್ದೇ. ಈಗ ಟ್ಯಾಂಕ್ ಅರ್ಧ ತುಂಬಿಸಿ. ಬಹುತೇಕ ವ್ಯಾನುಗಳಲ್ಲಿ 12 ವೋಲ್ಟಿನ ಡಯಾಫ್ರಮ್ ಪಂಪ್ (ರಬ್ಬರ್ ಪೊರೆ ಹಿಂದೆ ಮುಂದೆ ಆಡಿ ನೀರು ತಳ್ಳುವಂಥದ್ದು) ಇರುತ್ತದೆ. ನಲ್ಲಿ ತೆಗೆದರೆ ಪೈಪಿನಲ್ಲಿ ಒತ್ತಡ ಇಳಿದು ಪಂಪ್ ಶುರುವಾಗುತ್ತದೆ. ನಲ್ಲಿ ಮುಚ್ಚಿದರೆ ಒತ್ತಡ ಏರಿ, ಸುಮಾರು 35ರಿಂದ 50 ಪಿಎಸ್‌ಐ (ಒತ್ತಡದ ಅಳತೆ) ಹೊತ್ತಿಗೆ ಪ್ರೆಷರ್ ಸ್ವಿಚ್ ಪಂಪನ್ನು ನಿಲ್ಲಿಸುತ್ತದೆ. ಪಂಪಿನ ತಲೆಯೊಳಗೆ ಒಂದು ರಬ್ಬರ್ ವಾಲ್ವ್ ಇದ್ದು, ಮುಂದೆ ಹೋದ ನೀರು ಹಿಂದಕ್ಕೆ ಬರದಂತೆ ತಡೆಯುತ್ತದೆ.

ಎಲ್ಲ ನಲ್ಲಿ ಮುಚ್ಚಿ, ಪಂಪ್ ಆನ್ ಮಾಡಿ, ಗಾಡಿಯೊಳಗೆ ಸುಮ್ನೆ ಕೂತಿರಿ. ಪಂಪ್ ನಿಂತ ಮೇಲೆ ಮತ್ತೆ ಸದ್ದು ಮಾಡಬಾರದು. ಐದು ನಿಮಿಷಕ್ಕೋ ಹತ್ತು ನಿಮಿಷಕ್ಕೋ ಒಮ್ಮೆ ತಾನಾಗೇ ಗುರ್ ಅಂದು ನಿಂತರೆ ಎಲ್ಲೋ ಒತ್ತಡ ಇಳಿಯುತ್ತಿದೆ ಅಂತ ಅರ್ಥ. ಆದರೆ ಅದು ಸೋರಿಕೆಯೇ ಆಗಿರಬೇಕು ಅಂತಿಲ್ಲ.

ಈ ಭಾಗದಲ್ಲಿ ಓಡಾಡುವವರು ಇದನ್ನು ಗಮನವಿಟ್ಟು ಓದಿ. ಗುಡ್ಡದ ಅಬ್ಬಿಯಿಂದ ಪೈಪಿನಲ್ಲಿ ತಾನಾಗೇ ಇಳಿದು ಬರುವ ನೀರು ಇಲ್ಲಿನ ಎಷ್ಟೋ ಮನೆ, ಹೋಮ್‌ಸ್ಟೇಗಳಲ್ಲಿದೆ. ಕೇಳಿದರೆ ಟ್ಯಾಂಕ್ ತುಂಬಿಸಿಕೊಳ್ಳಲು ಯಾರೂ ಬೇಡ ಅನ್ನುವುದಿಲ್ಲ. ಒಳ್ಳೆಯ ನೀರೇ, ಆದರೆ ಮಳೆಗಾಲದಲ್ಲಿ ಅದರ ಜೊತೆ ನುಣ್ಣನೆ ಮರಳು, ಎಲೆಚೂರು ಬರುತ್ತದೆ. ಪಂಪಿಗೆ ನೀರು ಬರುವ ಕಡೆಯ ಜಾಲರಿ ದಪ್ಪ ಕಸವನ್ನು ಹಿಡಿಯುತ್ತದೆ. ಮರಳಿನ ಒಂದು ಕಣ ತಪ್ಪಿಸಿಕೊಂಡು ಒಳಗಿನ ವಾಲ್ವಿನ ರಬ್ಬರ್ ಅಂಚಿನಲ್ಲಿ ಸಿಕ್ಕಿಹಾಕಿಕೊಂಡರೆ ಸಾಕು, ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ನೀರು ಕೂದಲೆಳೆಯಷ್ಟು ಸಂದಿನಲ್ಲಿ ಟ್ಯಾಂಕಿಗೇ ವಾಪಸ್ ಹೋಗುತ್ತಿರುತ್ತದೆ. ಪಂಪ್ ಗುರ್ ಅನ್ನುತ್ತಿರುತ್ತದೆ, ನೀವು ಇಡೀ ಗಾಡಿಯಲ್ಲಿ ಇಲ್ಲದ ಸೋರಿಕೆ ಹುಡುಕುತ್ತಿರುತ್ತೀರಿ.

ಇದನ್ನು ಬೇರೆ ಮಾಡಿ ನೋಡುವ ದಾರಿ ಸುಲಭ. ಪಂಪ್ ಆದ ತಕ್ಷಣ, ಪೈಪ್ ಕವಲೊಡೆಯುವ ಮೊದಲು, ಒಂದು ಸಣ್ಣ ಬಾಲ್ ವಾಲ್ವ್ ಹಾಕಿಸಿ. ಒತ್ತಡ ಏರಿ ಪಂಪ್ ನಿಂತ ಮೇಲೆ ಆ ವಾಲ್ವ್ ಮುಚ್ಚಿ. ಆಮೇಲೂ ಪಂಪ್ ಮತ್ತೆ ಮತ್ತೆ ಓಡಿದರೆ, ಪಂಪಿನ ಹತ್ತಿರ ಎಲ್ಲೂ ಒದ್ದೆ ಇಲ್ಲದಿದ್ದರೆ, ದೋಷ ಪಂಪಿನೊಳಗೇ ಇದೆ. ಸದ್ದು ನಿಂತರೆ ಸೋರಿಕೆ ಬಾಲ್ ವಾಲ್ವಿನಿಂದ ಮುಂದೆ. ದೋಷ ಪಂಪಿನದ್ದಾದರೆ ಅದರ ತಲೆಯ ಸ್ಕ್ರೂ ಬಿಚ್ಚುವಾಗ ಹಂತ ಹಂತವಾಗಿ ಫೋಟೊ ತೆಗೆದುಕೊಳ್ಳಿ. ರಬ್ಬರ್ ವಾಲ್ವನ್ನು ಶುದ್ಧ ನೀರಿನಲ್ಲಿ ತೊಳೆದು, ಅದೇ ದಿಕ್ಕಿನಲ್ಲಿ ಕೂರಿಸಿ. ಮುಂದಿನ ಸಲ ಅಬ್ಬಿ ನೀರು ತುಂಬಿಸುವಾಗ ಹೋಸಿನ ಬಾಯಿಗೆ ಎರಡು ಮಡಿಕೆ ಬಿಳಿ ಪಂಚೆ ಬಟ್ಟೆ ಕಟ್ಟಿ.

ಪಂಪೇ ಹೋಗಿದೆ ಅಂತ ಗೊತ್ತಾದರೆ ಗಾಬರಿ ಬೇಡ. ತೋಟಕ್ಕೆ ಔಷಧಿ ಹೊಡೆಯುವ ಬ್ಯಾಟರಿ ಸ್ಪ್ರೇಯರ್‌ನಲ್ಲಿ ಇರುವುದೂ ಇದೇ ಜಾತಿಯ 12 ವೋಲ್ಟಿನ ಪಂಪು. ಅಡಿಕೆ ಬೆಳೆಯುವ ಊರುಗಳ ಕೃಷಿ ಸಾಮಾನಿನ ಅಂಗಡಿಗಳಲ್ಲಿ ಕೇಳಿ ನೋಡಿ. ಮೇಲಿನ ಚೀಟಿಯಲ್ಲಿ ಒತ್ತಡ ಎಷ್ಟಿದೆ ಅಂತ ಓದಿ, ನಿಮ್ಮ ಹಳೆ ಪಂಪಿಗಿಂತ ಬಹಳ ಜಾಸ್ತಿ ಇದ್ದರೆ ತೆಗೆದುಕೊಳ್ಳಬೇಡಿ, ಜಾಯಿಂಟ್‌ಗಳು ಕಿತ್ತುಬರುತ್ತವೆ. ತಾತ್ಕಾಲಿಕಕ್ಕೆ ಪಾತ್ರೆ ತೊಳೆಯುವುದಕ್ಕೆ ಸಾಕು. ಕುಡಿಯುವ ನೀರನ್ನು ಬೇರೆ ಕ್ಯಾನಿನಲ್ಲಿ ಇಟ್ಟುಕೊಳ್ಳಿ. ಒಮ್ಮೆ ಔಷಧಿ ಹೊಡೆದ ಪಂಪನ್ನಂತೂ ಯಾವ ಕಾರಣಕ್ಕೂ ಗಾಡಿಗೆ ಹಾಕಬೇಡಿ.

ಹನಿ ಹಿಡಿಯಲು ಹಳೆ ಪೇಪರ್

ಸೋರಿಕೆ ಬಾಲ್ ವಾಲ್ವಿನಿಂದ ಮುಂದಿದೆ ಅಂತಾದರೆ ಪ್ರತಿ ಜಾಯಿಂಟನ್ನೂ ಒಣಬಟ್ಟೆಯಲ್ಲಿ ಒರೆಸಿ, ಅದಕ್ಕೊಂದು ಸುತ್ತು ಟಿಶ್ಯೂ ಕಟ್ಟಿ, ಕೆಳಗೆ ಹಳೆ ದಿನಪತ್ರಿಕೆ ಹಾಸಿ. ಪಂಪ್ ಆನ್ ಇಟ್ಟು ಅರ್ಧ ಗಂಟೆ ಬಿಡಿ. ಕಣ್ಣಿಗೆ ಕಾಣದ ಜಿನುಗು ಕೂಡ ಟಿಶ್ಯೂ ಮೇಲೆ ಗೊತ್ತಾಗುತ್ತದೆ. ಮೇಲಿನ ಜಾಯಿಂಟ್ ಮೊದಲು ನೋಡಿ, ಕೆಳಗಿನದ್ದು ಆಮೇಲೆ.

ಪಂಪ್ ಆಫ್ ಇದ್ದಾಗಲೂ ಹನಿ ಬಿದ್ದರೆ ಟ್ಯಾಂಕ್ ಅಥವಾ ಟ್ಯಾಂಕಿನಿಂದ ಪಂಪಿಗೆ ಬರುವ ಪೈಪು. ನಲ್ಲಿಯಲ್ಲಿ ಗಾಳಿ ಬೆರೆತು ಪುಸ್ ಪುಸ್ ಅಂತ ನೀರು ಬಂದರೂ ಅನುಮಾನ ಆ ಪೈಪಿನ ಮೇಲೇ. ಟ್ಯಾಂಕ್ ತುಂಬಿದಾಗ ಮಾತ್ರ ಸೋರಿ, ಮುಕ್ಕಾಲಿಗೆ ಇಳಿದ ಮೇಲೆ ನಿಂತರೆ ನೀರು ತುಂಬಿಸುವ ಪೈಪು ಅಥವಾ ಗಾಳಿ ಪೈಪಿನ ಬುಡ. ಸಿಂಕ್ ಬಳಸಿದಾಗ ಮಾತ್ರ ಒದ್ದೆಯಾದರೆ ವೇಸ್ಟ್ ಪೈಪು. ಸಿಂಕಿನ ಬಾಯಿ ಮುಚ್ಚಿ, ನೀರು ತುಂಬಿ, ಅಡುಗೆ ಬಣ್ಣ ಸ್ವಲ್ಪ ಬೆರೆಸಿ ಒಮ್ಮೆಲೇ ಬಿಡಿ. ಪೇಪರಿನ ಮೇಲೆ ಬಣ್ಣ ಬಂದರೆ ಅಲ್ಲಿಗೆ ತೀರ್ಮಾನ. ಸ್ನಾನದ ಜಾಗದಲ್ಲಿ ನೀರು ಮೇಲೆ ಬಂದರೆ ಬಳಸಿದ ನೀರಿನ ಟ್ಯಾಂಕ್ ತುಂಬಿದೆಯೋ ನೋಡಿ, ಅದು ಸೋರಿಕೆಯೇ ಅಲ್ಲ.

ಗೀಸರ್‌ನ ಸೇಫ್ಟಿ ವಾಲ್ವಿನಿಂದ ನೀರು ಕಾಯುವಾಗ ಒಂದಷ್ಟು ಹನಿ ಬರುವುದುಂಟು. ಬಿಸಿಯಾದ ನೀರು ಹಿಗ್ಗುತ್ತದೆ, ಅದಕ್ಕೆ ಜಾಗ ಬೇಕು. ಅದನ್ನು ಮುಚ್ಚಿಬಿಡುವ ಕೆಲಸ ಮಾತ್ರ ಮಾಡಬೇಡಿ, ಟ್ಯಾಂಕ್ ಸಿಡಿಯುವ ಅಪಾಯ ಇದೆ. ಹೊಗೆ ಹೊರಗೆ ಹೋಗುವ ಕೊಳವೆ ಇಲ್ಲದ ಗ್ಯಾಸ್ ಗೀಸರ್ ಗಾಡಿಯಲ್ಲಿದ್ದರೆ ಸೋರಿಕೆಯ ಮಾತು ಆಮೇಲೆ, ಮೊದಲು ಅದನ್ನು ತೆಗೆಸಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ.

ಈಗ ರಿಪೇರಿ

ಹೋಸ್ ಪೈಪಿನ ತುದಿ ಗಟ್ಟಿಯಾಗಿದ್ದರೆ ಕ್ಲಿಪ್ ಬಿಗಿ ಮಾಡಿ ಉಪಯೋಗ ಇಲ್ಲ. ಒಂದಿಂಚು ಕತ್ತರಿಸಿ, ತುದಿಯನ್ನು ಬಿಸಿನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿ, ಒತ್ತಿ ಕೂರಿಸಿ, ಸ್ಟೇನ್‌ಲೆಸ್ ಸ್ಟೀಲ್ ಕ್ಲಿಪ್ ಹಾಕಿ. ಮಾಮೂಲಿ ಕ್ಲಿಪ್ ಈ ತೇವಕ್ಕೆ ಬೇಗ ತುಕ್ಕು ಹಿಡಿಯುತ್ತದೆ.

ಥ್ರೆಡ್ ಇರುವ ಜಾಯಿಂಟ್‌ಗೆ ಟೆಫ್ಲಾನ್ ಟೇಪ್ ಸುತ್ತುವಾಗ ಥ್ರೆಡ್ಡಿನ ತುದಿ ನಿಮ್ಮ ಕಡೆ ಇರಲಿ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಐದಾರು ಸುತ್ತು ಬಿಗಿಯಾಗಿ ಎಳೆದು ಸುತ್ತಿ. ಉಲ್ಟಾ ಸುತ್ತಿದರೆ ತಿರುಗಿಸುವಾಗ ಬಿಚ್ಚಿಕೊಳ್ಳುತ್ತದೆ. ಕನೆಕ್ಷನ್ ಪೈಪಿನ ಒಳಗೆ ರಬ್ಬರ್ ವಾಷರ್ ಇದ್ದರೆ ಟೇಪ್ ಬೇಡವೇ ಬೇಡ, ವಾಷರ್ ಬದಲಿಸಿದರೆ ಸಾಕು. ಪ್ಲಾಸ್ಟಿಕ್ ನಟ್ಟನ್ನು ಕೈಯಲ್ಲಿ ಬಿಗಿ ಮಾಡಿ, ಆಮೇಲೆ ಸ್ಪ್ಯಾನರಿನಲ್ಲಿ ಕಾಲು ಸುತ್ತು ಅಷ್ಟೇ. ಶಕ್ತಿ ತೋರಿಸಿದರೆ ಸೀಳುತ್ತದೆ.

ಸಿಪಿವಿಸಿ ಪೈಪ್ ಬಿರುಕು ಬಿಟ್ಟಿದ್ದರೆ ಆ ತುಂಡನ್ನು ಕತ್ತರಿಸಿ ತೆಗೆಯಬೇಕು. ಮೇಲೆ ಎಂಸೀಲ್ ಮೆತ್ತಿದರೆ ಒತ್ತಡಕ್ಕೆ ಬಹಳ ದಿನ ನಿಲ್ಲುವುದಿಲ್ಲ. ಸಿಪಿವಿಸಿಗೆ ಸಿಪಿವಿಸಿಯ ಸಾಲ್ವೆಂಟನ್ನೇ (ಪೈಪ್ ಅಂಟು) ಹಾಕಿ, ಪಿವಿಸಿಯದ್ದು ನಡೆಯುವುದಿಲ್ಲ. ಮಳೆಗಾಲದಲ್ಲಿ ಅಂಟು ನಿಧಾನವಾಗಿ ಒಣಗುವುದರಿಂದ ಒಂದು ಇಡೀ ದಿನ ಬಿಟ್ಟು ನೀರು ಬಿಡಿ. ನನ್ನ ಅಭಿಪ್ರಾಯ ಕೇಳಿದರೆ, ಉದ್ದಕ್ಕೂ ಗಟ್ಟಿ ಪೈಪ್ ಇರುವ ಗಾಡಿಯಲ್ಲಿ ಪಂಪಿನ ಎರಡೂ ಬದಿಗೆ ಮತ್ತು ಟ್ಯಾಂಕಿನ ಹತ್ತಿರ ಒಂದೊಂದು ಅಡಿ ಬಳುಕುವ ಹೋಸ್ ಸೇರಿಸಲೇಬೇಕು. ಘಾಟಿಯಲ್ಲಿ ಬಾಡಿ ತಿರುಚಿಕೊಳ್ಳುತ್ತದೆ, ಗಟ್ಟಿ ಪೈಪ್ ಅದಕ್ಕೆ ಬಗ್ಗುವುದಿಲ್ಲ.

ಟ್ಯಾಂಕಿಗೆ ಪೈಪ್ ಸೇರಿಸುವ ಟ್ಯಾಂಕ್ ನಿಪ್ಪಲ್‌ನಲ್ಲಿ ಸೋರಿದರೆ ರಬ್ಬರ್ ವಾಷರ್ ಹೊಸದು ಹಾಕಿ. ಟ್ಯಾಂಕೇ ಒಡೆದಿದ್ದರೆ, ಅದು ಪಾಲಿಥೀನ್ ಆಗಿದ್ದರೆ, ಸಿಲಿಕಾನ್ ಆಗಲಿ ಎಂಸೀಲ್ ಆಗಲಿ ಅದಕ್ಕೆ ಅಂಟುವುದಿಲ್ಲ. ಬಿಸಿಗಾಳಿಯಲ್ಲಿ ಪ್ಲಾಸ್ಟಿಕ್ ವೆಲ್ಡಿಂಗ್ ಮಾಡಿಸಬೇಕು, ಬಂಪರ್ ರಿಪೇರಿ ಮಾಡುವವರ ಹತ್ತಿರ ವಿಚಾರಿಸಿ. ಜೊತೆಗೆ ಟ್ಯಾಂಕನ್ನು ಬೆಲ್ಟ್ ಹಾಕಿ ಕಟ್ಟಿದ್ದಾರೋ ನೋಡಿ. ನೂರು ಲೀಟರ್ ನೀರು ಅಂದರೆ ನೂರು ಕೆ.ಜಿ. ಅದು ಪ್ರತಿ ತಿರುವಿನಲ್ಲಿ ಅತ್ತಿತ್ತ ಸರಿದರೆ ಯಾವ ವಾಷರ್ ತಾನೇ ತಡೆದೀತು?

ಸಾಮಾನಿನ ವಿಷಯದಲ್ಲಿ ಒಂದು ಸಲಹೆ. ಹೊರದೇಶದ ಸಣ್ಣ ಅಳತೆಯ ಒತ್ತಿ ಕೂರಿಸುವ ಜಾಯಿಂಟ್ ಇದ್ದರೆ, ಕೆಟ್ಟಾಗ ಒಂದೊಂದನ್ನೇ ಅರ್ಧ ಇಂಚಿಗೆ ಬದಲಿಸುತ್ತಾ ಬನ್ನಿ. ಅರ್ಧ ಇಂಚಿನ ಸಾಮಾನು ಶಿವಮೊಗ್ಗದಲ್ಲಷ್ಟೇ ಅಲ್ಲ, ಸಾಗರ, ಹೊಸನಗರ, ತೀರ್ಥಹಳ್ಳಿಯ ಹಾರ್ಡ್‌ವೇರ್ ಅಂಗಡಿಗಳಲ್ಲೂ ಸಿಗುತ್ತದೆ.

ಒಣಗಿಸುವುದು

ಸೋರಿಕೆ ನಿಂತ ದಿನವೇ ನೆಲಹಾಸು ಎತ್ತಿ. ಸ್ಕ್ರೂಡ್ರೈವರ್ ತುದಿಯಲ್ಲಿ ಪ್ಲೈವುಡ್ ಒತ್ತಿ ನೋಡಿ. ಮೆತ್ತಗೆ ಒಳಗೆ ಹೋದರೆ ಆ ಭಾಗ ಕತ್ತರಿಸಿ, ಐಎಸ್ 710 ಗುರುತಿರುವ ಮರೈನ್ ಪ್ಲೈ ಹಾಕಿಸಿ, ಅಂಚಿಗೂ ಬಣ್ಣ ಬಳಿಸಿ. ಗಟ್ಟಿ ಇದ್ದರೆ ಒಣಗಿಸಿದರೆ ಸಾಕು. ಮಳೆಗಾಲದಲ್ಲಿ ಬಾಗಿಲು ತೆರೆದಿಟ್ಟರೆ ಹೊರಗಿನ ತೇವ ಒಳಗೆ ಬರುತ್ತದೆ ಅಷ್ಟೇ. ಸೂರಿನ ಕೆಳಗೆ ನಿಲ್ಲಿಸಿ, ಟೇಬಲ್ ಫ್ಯಾನನ್ನು ನೆಲಕ್ಕೆ ತಾಗುವಂತೆ ಇಟ್ಟು ದಿನಗಟ್ಟಲೆ ಓಡಿಸಿ. ಬಿಸಿಲು ಬಿದ್ದ ದಿನ ಎಲ್ಲ ಬಾಗಿಲು ತೆಗೆದಿಡಿ. ಪೂರ್ತಿ ಒಣಗುವ ತನಕ ನೆಲಹಾಸು ವಾಪಸ್ ಹಾಸಬೇಡಿ.

ಆಮೇಲೆ ಟ್ಯಾಂಕ್ ತುಂಬಿಸಿ, ಪಂಪ್ ಸ್ವಿಚ್ ಆಫ್ ಮಾಡಿ, ಆಗುಂಬೆಗೋ ಹುಲಿಕಲ್ ಘಾಟಿಗೋ ಒಮ್ಮೆ ಹೋಗಿ ಬನ್ನಿ. ಬಂದ ಮೇಲೆ ಪಂಪ್ ಆನ್ ಮಾಡಿ, ಟಿಶ್ಯೂ ಪರೀಕ್ಷೆಯನ್ನು ಮತ್ತೆ ಮಾಡಿ. ಹೊಸ ಕ್ಲಿಪ್ಪುಗಳು ಮೊದಲ ಓಟದಲ್ಲಿ ಸ್ವಲ್ಪ ಸಡಿಲ ಆಗುತ್ತವೆ, ಅವನ್ನು ಅರ್ಧ ಸುತ್ತು ಬಿಗಿ ಮಾಡಿ. ದಾರಿಯಲ್ಲಿ ಪೈಪ್ ಸೋರಿದರೆ ಸೈಕಲ್ ಟ್ಯೂಬನ್ನು ಪಟ್ಟಿ ಕತ್ತರಿಸಿ, ಜಗ್ಗಿ ಎಳೆದು ಸುತ್ತಿ, ಎರಡೂ ತುದಿಗೆ ಕ್ಲಿಪ್ ಹಾಕಿ. ನೀರು ಬೇಕಾದಾಗ ಮಾತ್ರ ಪಂಪ್ ಆನ್ ಮಾಡಿದರೆ ಮುಂದಿನ ಊರಿನ ತನಕ ಅದು ಸಾಕಾಗುತ್ತದೆ.