ಡ್ರೆಸ್ಡನ್‌ನಿಂದ ಪ್ರಾಗ್‌ಗೆ: ಎರಡು ದಿನ, ನದಿಯ ಎರಡು ದಡ

ಜರ್ಮನಿಯ ಡ್ರೆಸ್ಡನ್‌ನಲ್ಲಿ ಮಾಸ್ಟರ್ಸ್ ಓದುವಾಗ ವಾರಾಂತ್ಯಗಳಲ್ಲಿ ಕೆಲವು ಊರುಗಳನ್ನು ಸುತ್ತಿದ್ದೇನೆ. ಅವುಗಳಲ್ಲಿ ಜೆಕ್ ದೇಶದ ರಾಜಧಾನಿ ಪ್ರಾಗ್ ಕೊಟ್ಟಷ್ಟು ತೃಪ್ತಿ ಬೇರೆ ಯಾವುದೂ ಕೊಡಲಿಲ್ಲ. ಏನೇನು ನೋಡುವುದಿಲ್ಲ ಅಂತ ಹೊರಡುವ ಮೊದಲೇ ಗಟ್ಟಿ ಮಾಡಿಕೊಂಡಿದ್ದೆ. ಅದರಿಂದಲೇ ಆ ಎರಡು ದಿನ ಚೆನ್ನಾಗಿ ಕಳೆದವು ಅನ್ನುವುದು ನನ್ನ ನಂಬಿಕೆ.

ಪ್ರಾಗ್ ಊರನ್ನು ವ್ಲತವಾ ನದಿ ಎರಡು ಮಾಡುತ್ತದೆ. ಪಶ್ಚಿಮದ ದಡದಲ್ಲಿ ಗುಡ್ಡದ ಮೇಲೆ ಕೋಟೆ, ಪೂರ್ವದ ದಡದಲ್ಲಿ ಹಳೇ ಪೇಟೆ ಮತ್ತು ಯಹೂದಿಗಳ ಕೇರಿಯಾಗಿದ್ದ ಯೋಸೆಫೊವ್. ನಾನು ದಿನಕ್ಕೊಂದು ದಡ ಅಂತ ಇಟ್ಟುಕೊಂಡೆ. ಶನಿವಾರ ಕೋಟೆ, ಭಾನುವಾರ ಯೋಸೆಫೊವ್. ಈ ಕ್ರಮ ಸುಮ್ನೆ ಬಂದದ್ದಲ್ಲ. ಶನಿವಾರ ಯಹೂದಿಗಳ ವಿಶ್ರಾಂತಿ ದಿನ, ಅಲ್ಲಿನ ಯಹೂದಿ ಮ್ಯೂಸಿಯಂ ಆ ದಿನ ಬಾಗಿಲು ತೆರೆಯುವುದಿಲ್ಲ. ವಾರಾಂತ್ಯಕ್ಕೆ ಹೋಗುವವರು ಇದೊಂದನ್ನು ಮರೆಯಬಾರದು.

ಕಾಗದಪತ್ರದ ವಿಷಯ ಸುಲಭ. ಜೆಕ್ ದೇಶ 2007ರಿಂದ ಷೆಂಗೆನ್ ಒಳಗಿದೆ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯೂರೋಪಿನ ದೇಶಗಳ ಗುಂಪಿನಲ್ಲಿ. ಜರ್ಮನಿಯ ರೆಸಿಡೆನ್ಸ್ ಪರ್ಮಿಟ್ ಇದ್ದರೆ ಬೇರೆ ವೀಸಾ ಬೇಡ. 180 ದಿನಗಳಲ್ಲಿ 90 ದಿನ ಮೀರಬಾರದು, ಅಷ್ಟೇ. ಆದರೆ ಪಾಸ್‌ಪೋರ್ಟ್ ಮತ್ತು ಪರ್ಮಿಟ್ ಕಾರ್ಡ್ ಎರಡರ ಮೂಲಪ್ರತಿಯೂ ಜೊತೆಗಿರಬೇಕು, ಫೋನಿನಲ್ಲಿರುವ ಫೋಟೋ ಸಾಲದು.

ಶುಕ್ರವಾರ ಮಧ್ಯಾಹ್ನ ಕ್ಲಾಸ್ ಮುಗಿಸಿ ರೈಲು ಹತ್ತಿದೆ. ಸುಮಾರು ಎರಡೂವರೆ ಗಂಟೆಯ ಪ್ರಯಾಣ. ಜರ್ಮನಿಯ ಲೋಕಲ್ ರೈಲುಗಳಲ್ಲಿ ನಡೆಯುವ ಸ್ಟೂಡೆಂಟ್ ಟಿಕೆಟ್ ದೇಶದಿಂದ ದೇಶಕ್ಕೆ ಹೋಗುವ ಈ ಯೂರೋಸಿಟಿ ರೈಲಿನಲ್ಲಿ ನಡೆಯುವುದಿಲ್ಲ. ಅದಕ್ಕೇ ಕೆಲವು ವಾರ ಮೊದಲೇ ಟಿಕೆಟ್ ತೆಗೆದಿಟ್ಟೆ. ಜರ್ಮನ್ ಮತ್ತು ಜೆಕ್ ಎರಡೂ ರೈಲ್ವೆಗಳು ಟಿಕೆಟ್ ಮಾರುತ್ತವೆ, ಎರಡು ಕಡೆಯ ದರವನ್ನೂ ನೋಡಿ ಕಡಿಮೆ ಇರುವುದನ್ನು ತೆಗೆದುಕೊಳ್ಳಿ. ಪ್ರಾಗ್ ಕಡೆ ಹೋಗುವಾಗ ಎಡಗಡೆಯ ಕಿಟಕಿಯೇ ಬೇಕು. ಹಳಿ ಎಲ್ಬೆ ನದಿಗೆ ಅಂಟಿಕೊಂಡೇ ಸಾಗುತ್ತದೆ, ಆಚೆ ದಡದಲ್ಲಿ ಸ್ಯಾಕ್ಸನ್ ಸ್ವಿಟ್ಜರ್ಲೆಂಡ್ ಅನ್ನುವ ಜರ್ಮನಿಯ ಗುಡ್ಡಗಾಡಿನ ಮರಳುಗಲ್ಲಿನ ಬಂಡೆಗಳು ನೆಟ್ಟಗೆ ನಿಂತಿವೆ.

ಹಣದ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ಅಲ್ಲಿ ನಡೆಯುವುದು ಕೊರುನಾ. ಕೆಲವು ಅಂಗಡಿಗಳು ಯೂರೋ ತೆಗೆದುಕೊಂಡರೂ ಅವರು ಹಾಕುವ ಲೆಕ್ಕದಲ್ಲಿ ನಮಗೇ ನಷ್ಟ. ಎಟಿಎಂ ಅಥವಾ ಕಾರ್ಡ್ ಮೆಷಿನ್ 'ಯೂರೋದಲ್ಲಿ ಕಡಿತ ಮಾಡಲೇ' ಅಂತ ಕೇಳಿದರೆ ಬೇಡ ಅನ್ನಿ, ಕೊರುನಾವನ್ನೇ ಆರಿಸಿ. ನೋಟು ಬದಲಿಸಿದ ಮೇಲೆ ದರ ತೀರಾ ಕೆಟ್ಟದು ಅನ್ನಿಸಿದರೆ, ರಸೀದಿ ಹಿಡಿದು ಮೂರು ಗಂಟೆಯೊಳಗೆ ವಾಪಸ್ ಹೋಗಿ ವ್ಯವಹಾರ ರದ್ದು ಮಾಡಿಸಬಹುದು. 1,000 ಯೂರೋವರೆಗಿನ ಮೊತ್ತಕ್ಕೆ ಈ ಹಕ್ಕು 2019ರಿಂದ ಕಾನೂನಿನಲ್ಲೇ ಇದೆ. ಇದು ಬಹಳ ವಿದ್ಯಾರ್ಥಿಗಳಿಗೆ ಗೊತ್ತಿರುವುದಿಲ್ಲ.

ಶನಿವಾರ ಬೆಳಕು ಹರಿಯುವ ಹೊತ್ತಿಗೆ ಚಾರ್ಲ್ಸ್ ಸೇತುವೆ ಮೇಲಿದ್ದೆ. ನಾಲ್ಕನೇ ಚಾರ್ಲ್ಸ್ ದೊರೆ 1357ರಲ್ಲಿ ಅಡಿಗಲ್ಲು ಹಾಕಿಸಿದ ಸೇತುವೆ ಇದು. ಉದ್ದ 516 ಮೀಟರ್, ಎರಡೂ ಬದಿ ಸೇರಿ 30 ಶಿಲ್ಪಗಳು. ಹತ್ತು ಗಂಟೆಯ ಮೇಲೆ ಇಲ್ಲಿ ಜನ ಜನರನ್ನೇ ತಳ್ಳಿಕೊಂಡು ನಡೆಯುತ್ತಾರೆ. ಬೆಳಿಗ್ಗೆ ಬಂದರೆ ಒಂದೊಂದು ಶಿಲ್ಪದ ಮುಂದೆಯೂ ನಿಂತು ಮುಖ ನೋಡಬಹುದು. ದಾಟಿದ ಮೇಲೆ 22ನೇ ನಂಬರಿನ ಟ್ರಾಮ್ ಹಿಡಿದು ಕೋಟೆಗೆ ಹೋದೆ. ಟ್ರಾಮ್ ಟಿಕೆಟನ್ನು ಕಾಗದದಲ್ಲಿ ಕೊಂಡಿದ್ದರೆ ಮೆಷಿನ್‌ನಲ್ಲಿ ಮುದ್ರೆ ಹಾಕಿಸಲೇಬೇಕು, ಮುದ್ರೆ ಇಲ್ಲದಿದ್ದರೆ ದಂಡ ಗ್ಯಾರಂಟಿ.

ಕೋಟೆಯೊಳಗಿನ ಸೇಂಟ್ ವೀಟಸ್ ಕ್ಯಾಥೆಡ್ರಲ್ ಕಟ್ಟಲು ಶುರುಮಾಡಿದ್ದು 1344ರಲ್ಲಿ, ಮುಗಿದದ್ದು 1929ರಲ್ಲಿ! ಪಶ್ಚಿಮದ ಬಾಗಿಲಿನಿಂದ ಒಳಗೆ ಬಂದವರು ಮೊದಲು ಕಾಲಿಡುವುದು ಹೊಸ ಭಾಗಕ್ಕೆ. ಒಳಕ್ಕೆ ನಡೆದಂತೆಲ್ಲ ಕಟ್ಟಡ ಹಳತಾಗುತ್ತಾ ಹೋಗುತ್ತದೆ. ಹೊಸ ಭಾಗದ ಒಂದು ಬಣ್ಣದ ಗಾಜಿನ ಕಿಟಕಿ ಜೆಕ್ ಕಲಾವಿದ ಅಲ್ಫೊನ್ಸ್ ಮುಖಾ ಅವರ ವಿನ್ಯಾಸ. 26 ವರ್ಷದೊಳಗಿನ ವಿದ್ಯಾರ್ಥಿಗಳಿಗೆ ಟಿಕೆಟ್‌ನಲ್ಲಿ ರಿಯಾಯಿತಿ ಇದೆ, ಐಡಿ ಕಾರ್ಡ್ ಇಟ್ಟುಕೊಳ್ಳಿ.

ಊಟಕ್ಕೆ ಹೆಚ್ಚು ಬರೆಯುವುದಿಲ್ಲ. ನಾನು ಮಾಂಸ ತಿನ್ನುವುದಿಲ್ಲ. ಬ್ರೆಡ್ ಪುಡಿ ಹಚ್ಚಿ ಕರಿದ ಚೀಸ್, ಬೆಳ್ಳುಳ್ಳಿ ಹಾಕಿದ ಆಲೂಗಡ್ಡೆ ದೋಸೆಯಂಥ ಬ್ರಾಂಬೊರಾಕ್, ಇವೆರಡರಲ್ಲೇ ಹೊಟ್ಟೆ ತುಂಬಿತು. ಹಳೇ ಪೇಟೆಯ ಚೌಕದಿಂದ ನಾಲ್ಕು ಬೀದಿ ಆಚೆ ಹೋದರೆ ಬೆಲೆ ಇಳಿಯುತ್ತದೆ.

ಭಾನುವಾರ ಬೆಳಿಗ್ಗೆ ಯೋಸೆಫೊವ್‌ನ ಪಿಂಕಾಸ್ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ. ನಾಜಿಗಳು ಕೊಂದ, ಇಂದಿನ ಜೆಕ್ ದೇಶದ ಭಾಗಗಳಾದ ಬೊಹೇಮಿಯಾ ಮತ್ತು ಮೊರಾವಿಯಾದ ಸುಮಾರು 78,000 ಯಹೂದಿಗಳ ಹೆಸರನ್ನು ಒಳಗೋಡೆಗಳ ಮೇಲೆ ಕೈಯಲ್ಲೇ ಬರೆದಿದ್ದಾರೆ. ಮೇಲಿನ ಮಹಡಿಯಲ್ಲಿ ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ತೆರೆಜಿನ್ ಗೆಟ್ಟೋದಲ್ಲಿದ್ದ ಮಕ್ಕಳು ಬಿಡಿಸಿದ ಚಿತ್ರಗಳಿವೆ. ಅವರಿಗೆ ಚಿತ್ರ ಕಲಿಸಿದವರು ಫ್ರೀಡ್ಲ್ ಡಿಕರ್-ಬ್ರಾಂಡೈಸ್, ಆಕೆಯನ್ನು 1944ರಲ್ಲಿ ನಾಜಿಗಳ ಆಶ್‌ವಿಟ್ಜ್ ಶಿಬಿರದಲ್ಲಿ ಕೊಂದರು. ಮನೆ, ಚಿಟ್ಟೆ, ಹೂವು. ಎಲ್ಲ ಮಕ್ಕಳೂ ಬಿಡಿಸುವಂಥ ಚಿತ್ರಗಳೇ. ತೆರೆಜಿನ್‌ಗೆ ತಂದವರನ್ನು ಮೊದಮೊದಲು ಬೊಹುಶೊವಿತ್ಸೆ ಸ್ಟೇಷನ್ನಿನಲ್ಲಿ ಇಳಿಸಿ ನಡೆಸಿಕೊಂಡು ಹೋಗುತ್ತಿದ್ದರಂತೆ. ಆ ಸ್ಟೇಷನ್ ಡ್ರೆಸ್ಡನ್–ಪ್ರಾಗ್ ಹಳಿಯ ಮೇಲೇ ಇದೆ. ಶುಕ್ರವಾರ ನನ್ನ ರೈಲು ನಿಲ್ಲದೆ ದಾಟಿ ಬಂದ ಜಾಗ ಅದು. ಇಲ್ಲಿಗೆ ಒಂದಿಡೀ ಬೆಳಗನ್ನು ಇಟ್ಟಿದ್ದು ನಾನು ಮಾಡಿದ ಅತಿ ಒಳ್ಳೆಯ ಕೆಲಸ. ಅರ್ಧ ಗಂಟೆಯಲ್ಲಿ ಮುಗಿಸುವ ಜಾಗ ಅಲ್ಲವೇ ಅಲ್ಲ.

ಮಧ್ಯಾಹ್ನ ಹಳೇ ಪೇಟೆಯ ಖಗೋಳ ಗಡಿಯಾರ, 1410ರದ್ದು. ಗಂಟೆ ಹೊಡೆದಾಗ ಮೇಲಿನ ಕಿಟಕಿಗಳಲ್ಲಿ ಯೇಸುವಿನ ಶಿಷ್ಯರ ಗೊಂಬೆಗಳು ಬಂದು ಹೋಗುತ್ತವೆ, ಅದು ಮುಗಿದ ಕೂಡಲೇ ಜನ ಚದುರುತ್ತಾರೆ. ಆಮೇಲೆ ನಿಂತು ನೋಡುವುದರಲ್ಲೇ ಜಾಸ್ತಿ ಖುಷಿ. ಹೊರಗಿನ ಬಳೆ ಸೂರ್ಯಾಸ್ತದಿಂದ ಎಣಿಸುವ ಹಳೇ ಜೆಕ್ ಗಂಟೆ ತೋರಿಸುತ್ತದೆ. ನಡುವಿನ ಚಿನ್ನದ ಬಣ್ಣದ ಗೆರೆಗಳು ಹಗಲನ್ನು 12 ಪಾಲು ಮಾಡುತ್ತವೆ, ಬೇಸಿಗೆಯಲ್ಲಿ ಪಾಲು ಉದ್ದ, ಚಳಿಗಾಲದಲ್ಲಿ ಗಿಡ್ಡ. ಸೂರ್ಯ ಯಾವ ರಾಶಿಯಲ್ಲಿದ್ದಾನೆ, ಚಂದ್ರನ ಕಲೆ ಎಷ್ಟು, ಅದೂ ಇದೆ. ಗೋಡೆಗೆ ತಗುಲಿಸಿದ ತಿರುಗುವ ಪಂಚಾಂಗ ಅದು.

ಪೆಟ್ರಿನ್ ಗೋಪುರ, ವಿಶೆಹ್ರಾದ್, ಕಾಫ್ಕಾ ಮ್ಯೂಸಿಯಂ ಎಲ್ಲ ಬಿಟ್ಟೆ. ಬೇಸರವೇನೂ ಆಗಲಿಲ್ಲ, ಡ್ರೆಸ್ಡನ್‌ಗೆ ಪ್ರಾಗ್ ಅಷ್ಟು ಹತ್ತಿರ ಅಲ್ವಾ!

ವಾಪಸ್ ಬರುವಾಗ ಗಡಿಯ ಹತ್ತಿರ ಜರ್ಮನ್ ಪೊಲೀಸರು ರೈಲು ಹತ್ತಿ ಎಲ್ಲರ ಕಾಗದ ನೋಡಿದರು. ಪಾಸ್‌ಪೋರ್ಟ್, ಕಾರ್ಡ್ ಎರಡೂ ಕೈಯಲ್ಲಿದ್ದವು, ಒಂದು ನಿಮಿಷವೂ ಹಿಡಿಯಲಿಲ್ಲ. ಭಾನುವಾರ ಸಂಜೆಯ ರೈಲು ತುಂಬಿ ತುಳುಕುತ್ತದೆ. ಟಿಕೆಟ್ ಜೊತೆಗೆ ಸೀಟನ್ನೂ ಬೇರೆಯಾಗಿ ಕಾಯ್ದಿರಿಸಿಕೊಳ್ಳಿ. ಈ ಸಲ ನದಿ ಇರುವುದು ಬಲಗಡೆ.