ಬ್ಲೈಂಡ್ಸ್ ಒರೆಸಿ, ಎತ್ತಿ: ಬೇ ಏರಿಯಾಗೆ ಹೊಸದಾಗಿ ಬಂದವರಿಗೆ

ಬೇ ಏರಿಯಾ ಅಂದ್ರೆ ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಊರುಗಳು. ಸನ್ನಿವೇಲ್, ಸಾಂಟಾ ಕ್ಲಾರಾ, ಫ್ರೀಮಾಂಟ್, ನೀವು ಎಲ್ಲೇ ಬಾಡಿಗೆಗೆ ಹಿಡಿದರೂ ಅಪಾರ್ಟ್‌ಮೆಂಟಿನಲ್ಲಿ ಸಾಮಾನ್ಯವಾಗಿ ಎರಡು ಥರದ ಬ್ಲೈಂಡ್ಸ್, ಅಂದ್ರೆ ಪರದೆಯ ಬದಲು ಹಾಕುವ ಪಟ್ಟಿಗಳ ಮರೆ, ಇರುತ್ತವೆ. ಬೆಡ್‌ರೂಮು, ಅಡುಗೆಮನೆ ಕಿಟಕಿಗೆ ಸಣ್ಣ ಅಡ್ಡಪಟ್ಟಿಗಳ ಮಿನಿ ಬ್ಲೈಂಡ್ಸ್. ಹಾಲಿನಿಂದ ಬಾಲ್ಕನಿಗೆ ಹೋಗುವ ಜಾರುಬಾಗಿಲಿಗೆ ಮೇಲಿಂದ ಇಳಿಬಿದ್ದ ಅಗಲ ಪಟ್ಟಿಗಳ ವರ್ಟಿಕಲ್ ಬ್ಲೈಂಡ್ಸ್. ಬಣ್ಣ ಬಿಳಿ, ಇಲ್ಲಾಂದ್ರೆ ಕೆನೆ. ಹೊರಗಿನಿಂದ ಎಲ್ಲ ಮನೆಯೂ ಒಂದೇ ಥರ ಕಾಣಬೇಕು ಅಂತ ಎಷ್ಟೋ ಕಡೆ ಲೀಸಿನಲ್ಲೇ, ಅಂದ್ರೆ ಬಾಡಿಗೆ ಕರಾರಿನಲ್ಲೇ, ಬರೆದಿರುತ್ತಾರೆ. ಹಾಗಾಗಿ ಇದನ್ನು ಕಿತ್ತು ಊರಿಂದ ತಂದ ಪರದೆ ಕಟ್ಟೋಣ ಅಂದ್ರೆ ಆಗಲ್ಲ. ಇರುವುದನ್ನೇ ಚೆನ್ನಾಗಿ ಇಟ್ಟುಕೊಳ್ಳಬೇಕು.

ಇದೊಂದು ವಿಷಯವಾ ಅಂತ ಕೇಳಬೇಡಿ. ನಮ್ಮವರ ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಧೂಳು ಕೂತ ಬ್ಲೈಂಡ್ಸ್ ಮುಟ್ಟಲು ಯಾರಿಗೂ ಮನಸ್ಸಿಲ್ಲ. ಒಂದು ಪಟ್ಟಿ ಮುರಿದಿದ್ದರೆ ಎಳೆಯಲು ಭಯ, ಇನ್ನೊಂದೂ ಮುರಿದರೆ ಡೆಪಾಸಿಟ್ಟಿಗೆ ಕತ್ತರಿ ಅಂತ. ಹೀಗೆ ಮುಟ್ಟದೆ ಬಿಟ್ಟದ್ದು ವರ್ಷಗಟ್ಟಲೆ ಮುಚ್ಚಿಯೇ ಇರುತ್ತದೆ. ಹೊರಗೆ ಕ್ಯಾಲಿಫೋರ್ನಿಯಾದ ಬಿಸಿಲು ಸುರಿಯುತ್ತಿರುತ್ತದೆ, ಒಳಗೆ ಮಧ್ಯಾಹ್ನವೂ ಲೈಟು ಉರಿಯುತ್ತಿರುತ್ತದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಚಿಕ್ಕ ಮಕ್ಕಳಿದ್ದರೆ ಒರೆಸುವ ಬಟ್ಟೆ ಹಿಡಿಯುವ ಮುಂಚೆ ಬ್ಲೈಂಡ್ಸ್ ಎತ್ತಿ ಇಳಿಸುವ ದಾರ ನೋಡಿ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಹೇಳುವ ಪ್ರಕಾರ, ಈ ದಾರ ಕುತ್ತಿಗೆಗೆ ಸಿಕ್ಕಿ ವರ್ಷಕ್ಕೆ ಸರಾಸರಿ 9 ಮಕ್ಕಳು ಸಾಯುತ್ತಾರೆ, ಎಲ್ಲರೂ 5 ವರ್ಷದೊಳಗಿನವರು. ಅಂಗಡಿಯಲ್ಲಿ ರೆಡಿ ಸಿಗುವ ಬ್ಲೈಂಡ್ಸ್‌ಗೆ ಜೋತುಬೀಳುವ ದಾರ ಇರಬಾರದು ಅನ್ನುವ ನಿಯಮ 2018ರ ಡಿಸೆಂಬರಿನಲ್ಲಿ ಬಂತು. ಅಳತೆ ಕೊಟ್ಟು ಮಾಡಿಸುವವಕ್ಕೆ ಬಂದದ್ದು 2024ರ ಜೂನಿನಲ್ಲಿ. ಆದರೆ ಹಳೇ ಅಪಾರ್ಟ್‌ಮೆಂಟಿನಲ್ಲಿ ನೇತಾಡುತ್ತಿರುವುದು ಎಷ್ಟೋ ಸಲ ಅದಕ್ಕೂ ಮುಂಚಿನದು. ದಾರವಿಲ್ಲದ್ದು ಹಾಕಿಕೊಡಿ ಅಂತ ಅಪಾರ್ಟ್‌ಮೆಂಟಿನ ಮ್ಯಾನೇಜರಿಗೆ ಬರವಣಿಗೆಯಲ್ಲಿ ಕೇಳಿ. ಹಾಕಿಕೊಡುವ ತನಕ ದಾರವನ್ನು ಮೇಲೆ, ಮಗುವಿನ ಕೈಗೆ ಎಟುಕದಷ್ಟು ಎತ್ತರದಲ್ಲಿ ಕಟ್ಟಿಡಿ. ಅದು ತಾತ್ಕಾಲಿಕ ಅಷ್ಟೇ, ಅಲ್ಲಿಗೇ ಬಿಟ್ಟುಬಿಡಬೇಡಿ. ಊರಲ್ಲಿ ಗಾಳಿ ಬರಲಿ ಅಂತ ಮಗುವನ್ನು ಕಿಟಕಿ ಪಕ್ಕವೇ ಮಲಗಿಸುತ್ತೇವೆ, ಅಲ್ವಾ? ಇಲ್ಲಿ ಆ ರೂಢಿ ಬಿಡಿ. ತೊಟ್ಟಿಲು, ಮಂಚ, ಹತ್ತಬಹುದಾದ ಸೋಫಾ ಯಾವುದೂ ಬ್ಲೈಂಡ್ಸ್ ಪಕ್ಕ ಬೇಡ.

ಇನ್ನೊಂದು ಮಾತು. ಬ್ಲೈಂಡ್ಸ್ ತುಂಬಾ ಹಳೆಯ ವಿನೈಲಿನದಾಗಿದ್ದರೆ ಒರೆಸುತ್ತಾ ಕೂರಬೇಡಿ, ಬದಲಾಯಿಸಲು ಹೇಳಿ. ಹೊರದೇಶಗಳಿಂದ ಬರುತ್ತಿದ್ದ ವಿನೈಲ್ ಮಿನಿ ಬ್ಲೈಂಡ್ಸ್‌ನಲ್ಲಿ ಸೀಸ ಇದೆ ಅಂತ ಇದೇ ಆಯೋಗ 1996ರಲ್ಲಿ ಎಚ್ಚರಿಸಿತ್ತು. ಬಿಸಿಲಿಗೆ, ಶಾಖಕ್ಕೆ ಪ್ಲಾಸ್ಟಿಕ್ ಹಾಳಾದ ಹಾಗೆ ಸೀಸ ಧೂಳಾಗಿ ಮೇಲೆ ಕೂರುತ್ತದೆ. ತೊಳೆದರೂ ಮತ್ತೆ ಬರುತ್ತದೆ. ತೆವಳುವ ಮಗು ಅದೇ ಧೂಳು ಮುಟ್ಟಿ ಕೈ ಬಾಯಿಗಿಡುತ್ತದೆ.

ಇನ್ನು ಒರೆಸುವುದು. ನಮಗೆ ಹಬ್ಬ ಬಂತು ಅಂದ್ರೆ ಬಕೆಟ್ಟಿನಲ್ಲಿ ನೀರು, ಪೊರಕೆ, ಮನೆಯೆಲ್ಲಾ ತೊಳೆಯುವುದು. ಕೈ ತಾನಾಗಿಯೇ ನೀರಿಗೆ ಹೋಗುತ್ತದೆ. ಬ್ಲೈಂಡ್ಸ್‌ಗೆ ಇದು ಪೂರ್ತಿ ಉಲ್ಟಾ. ಒಣ ಧೂಳಿಗೆ ನೀರು ತಾಗಿದರೆ ಕೆಸರಾಗುತ್ತದೆ. ಆ ಕೆಸರು ಪಟ್ಟಿಗಳ ನಡುವಿನ ಬಿಳಿ ದಾರಕ್ಕೆ ಹತ್ತಿದರೆ ಮತ್ತೆ ಬಿಡುವುದಿಲ್ಲ. ಮೊದಲು ಒಣಗಿದ್ದಾಗಲೇ ಒರೆಸಬೇಕು. ಪಟ್ಟಿಗಳನ್ನು ಒಂದು ಕಡೆಗೆ ಪೂರ್ತಿ ಮುಚ್ಚಿ, ಮೇಲಿಂದ ಕೆಳಗೆ ಒರೆಸಿ. ಆಮೇಲೆ ಇನ್ನೊಂದು ಕಡೆಗೆ ತಿರುಗಿಸಿ ಮತ್ತೆ ಮೇಲಿಂದ ಕೆಳಗೆ. ಊರಲ್ಲಿ ಹಳೇ ಬನಿಯನ್ ಒರೆಸುವ ಬಟ್ಟೆಯಾಗುತ್ತಿತ್ತಲ್ಲ, ಅದು ಇಲ್ಲಿಗೂ ಸರಿ. ಹಳೇ ಕಾಲುಚೀಲವನ್ನು ಕೈಗೆ ಹಾಕಿಕೊಂಡು, ಹೆಬ್ಬೆರಳು ಮತ್ತು ಬೆರಳುಗಳ ನಡುವೆ ಪಟ್ಟಿ ಹಿಡಿದು ಜಾರಿಸಿದರೆ ಇನ್ನೂ ಸಲೀಸು. ಅಲ್ಯೂಮಿನಿಯಂ ಪಟ್ಟಿ ಬೇಗ ಬಗ್ಗುತ್ತದೆ. ಒಮ್ಮೆ ಮಡಿಕೆ ಬಿದ್ದರೆ ನೆಟ್ಟಗಾಗಲ್ಲ, ಅದಕ್ಕೇ ಒತ್ತಬೇಡಿ.

ವಾರಕ್ಕೊಮ್ಮೆ ಕೆಲವು ನಿಮಿಷ ಹೀಗೆ ಒರೆಸಿದರೆ ನೀರಿನ ಕೆಲಸ ಅಪರೂಪಕ್ಕೆ ಬರುತ್ತದೆ. ಬಂದಾಗ ಉಗುರುಬೆಚ್ಚಗಿನ ನೀರು, ಎರಡು ಹನಿ ಪಾತ್ರೆ ಸೋಪು, ಹಿಂಡಿದ ಬಟ್ಟೆ. ಕೊನೆಗೆ ಒಣ ಬಟ್ಟೆ. ಪೂರ್ತಿ ಬಿಚ್ಚಿ ಬಾತ್‌ಟಬ್ಬಿನಲ್ಲಿ ಮುಳುಗಿಸಬೇಡಿ. ಮೇಲಿನ ಪೆಟ್ಟಿಗೆಯೊಳಗೆ ಲೋಹದ ಸರಳು, ಲಾಕು ಇರುತ್ತದೆ, ತುಕ್ಕು ಹಿಡಿಯುತ್ತದೆ. ನಿಜವಾದ ಮರದ ಪಟ್ಟಿಯಾದರೆ ನೀರೇ ಬೇಡ, ಸೊಟ್ಟಗಾಗುತ್ತದೆ. ಜೇನುಗೂಡಿನಂಥ ಬಟ್ಟೆಯ ಶೇಡ್ ಇದ್ದರೆ ಒಳಗಿನ ಹುಳು, ಧೂಳನ್ನು ಹೇರ್ ಡ್ರೈಯರಿನ ತಣ್ಣನೆ ಗಾಳಿಯಲ್ಲಿ ಊದಿ ತೆಗೆಯಿರಿ.

ಅಡುಗೆಮನೆ ಕಿಟಕಿಯ ಕಥೆ ಬೇರೆ. ಸ್ಟವ್ ಮೇಲಿನ ಫ್ಯಾನು ಹೊಗೆಯನ್ನು ಹೊರಗೆ ಹಾಕುತ್ತದೆ ಅಂತ ಹೊಸಬರು ನಂಬುತ್ತಾರೆ. ಇಲ್ಲಿನ ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಅದು ಫಿಲ್ಟರಿನಲ್ಲಿ ಹಾಯಿಸಿ ಮತ್ತೆ ಒಳಗೇ ಬಿಡುತ್ತದೆ. ದಿನಾ ಸಾಸಿವೆ, ಇಂಗು, ಒಣಮೆಣಸಿನ ಒಗ್ಗರಣೆ ಬೀಳುವ ಮನೆಯಲ್ಲಿ ಆ ಎಣ್ಣೆಯ ಆವಿ ನೇರ ಬ್ಲೈಂಡ್ಸ್ ಮೇಲೆ ಕೂರುತ್ತದೆ. ಅದರ ಮೇಲೆ ಧೂಳು. ದೇವರಮನೆಯ ದೀಪದ ಬುಡದಲ್ಲಿ ಕಟ್ಟುವ ಜಿಡ್ಡಿನ ಥರ, ಕಂದು ಬಣ್ಣಕ್ಕೆ ತಿರುಗಿ ಬೆರಳಿಗೆ ಅಂಟುತ್ತದೆ. ಹಾಗಂತ ದೀಪ ಉಜ್ಜುವ ಹಾಗೆ ಹುಣಸೆಹಣ್ಣು, ಸಬೀನಾ, ಕಬ್ಬಿಣದ ನಾರು ತರಬೇಡಿ. ಮೇಲಿನ ಬಣ್ಣವೇ ಎದ್ದು ಬರುತ್ತದೆ. ಸೋಪುನೀರಿನಲ್ಲಿ ಅದ್ದಿ ಹಿಂಡಿದ ಬೆಚ್ಚಗಿನ ಬಟ್ಟೆಯನ್ನು ಪಟ್ಟಿಯ ಮೇಲೆ ಸುಮ್ನೆ ಒಂದು ನಿಮಿಷ ಹಿಡಿದಿರಿ, ಆಮೇಲೆ ಎಳೆಯಿರಿ. ಜಿಡ್ಡು ತಾನೇ ಬಟ್ಟೆಗೆ ಬರುತ್ತದೆ. ಅರಿಶಿನದ ಕಲೆಗೆ ಹೆದರಬೇಡಿ. ಸೋಪಿನಲ್ಲಿ ಒರೆಸಿ ಬಿಸಿಲಿಗೆ ಬಿಟ್ಟರೆ ಅರಿಶಿನದ ಬಣ್ಣ ಮಾಸುತ್ತಾ ಹೋಗುತ್ತದೆ. ಬೇಗ ಹೋಗಲಿ ಅಂತ ಬ್ಲೀಚನ್ನು ವಿನೆಗರ್ ಜೊತೆಗೋ ಅಮೋನಿಯಾ ಜೊತೆಗೋ ಬೆರೆಸಬೇಡಿ. ಬರುವ ಗಾಳಿ ವಿಷ. ಮುಂದಿನ ಸಲ ಒಗ್ಗರಣೆಗೆ ಮುಂಚೆ ಬ್ಲೈಂಡ್ಸ್ ಮೇಲಕ್ಕೆತ್ತಿ ಕಿಟಕಿ ತೆರೆಯಿರಿ. ಅರ್ಧ ಕೆಲಸ ಅಲ್ಲೇ ತಪ್ಪಿತು.

ಕಾಡ್ಗಿಚ್ಚಿನ ಕಾಲದ್ದೂ ಹೇಳಿಬಿಡುತ್ತೇನೆ. 2020ರ ಸೆಪ್ಟೆಂಬರ್ 9ರಂದು ಇಲ್ಲಿ ಬೆಳಗ್ಗೆಯೇ ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಆ ಬೇಸಿಗೆಯ ಬೆಂಕಿಗಳ ಬೂದಿ ಕಿಟಕಿ ಸಂದಿಯಿಂದ ಮನೆಯೊಳಗೆ ಬಂತು. ಬೂದಿ ಕೂತಾಗ ಮಾತ್ರ ಮೇಲೆ ಹೇಳಿದ ಒಣ ಕ್ರಮ ಬೇಡ. ಒಣಗಿದ್ದಾಗ ಕೊಡವಿದರೆ ಸಣ್ಣ ಕಣ ಗಾಳಿಗೆ ಎದ್ದು ಎದೆಯೊಳಗೆ ಹೋಗುತ್ತದೆ. ಮಾಸ್ಕ್ ಹಾಕಿಕೊಂಡು ಒದ್ದೆ ಬಟ್ಟೆಯಲ್ಲೇ ತೆಗೆಯಿರಿ. ವ್ಯಾಕ್ಯೂಮ್ ಹಿಡಿಯುವುದಾದರೆ ಸಣ್ಣ ಕಣವನ್ನೂ ತಡೆಯುವ ಹೆಪಾ ಫಿಲ್ಟರ್ ಇರುವುದನ್ನೇ ಹಿಡಿಯಿರಿ.

ವರ್ಟಿಕಲ್ ಬ್ಲೈಂಡ್ಸ್ ಮುರಿಯುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ಪಟ್ಟಿಗಳು ಮುಚ್ಚಿದ್ದಾಗಲೇ ಅವನ್ನು ಬದಿಗೆ ಎಳೆಯುತ್ತಾರೆ. ಆಗ ಒಂದಕ್ಕೊಂದು ಸಿಕ್ಕಿಕೊಂಡು ಮೇಲಿನ ತೂತು ಹರಿಯುತ್ತದೆ. ಮೊದಲು ಬದಿಯಲ್ಲಿ ನೇತಾಡುವ ಕಡ್ಡಿ ತಿರುಗಿಸಿ, ಪಟ್ಟಿಗಳ ಅಂಚು ಗಾಜಿನ ಕಡೆ ಬರುವ ಹಾಗೆ ತೆರೆದು ನಿಲ್ಲಿಸಿ, ಆಮೇಲೆ ಎಳೆಯಿರಿ. ಮನೆಯ ಎಲ್ಲರಿಗೂ, ಮಕ್ಕಳಿಗೂ, ಇದನ್ನು ಹೇಳಿಕೊಡಿ. ತೂತು ಹರಿದಿದ್ದರೂ ಪರವಾಗಿಲ್ಲ. ಹಳೇ ಕ್ರೆಡಿಟ್ ಕಾರ್ಡನ್ನು ಪಟ್ಟಿ ಮತ್ತು ಕೊಂಡಿಯ ನಡುವೆ ತೂರಿಸಿ ಕೆಳಗೆ ಎಳೆದರೆ ಪಟ್ಟಿ ಕೈಗೆ ಬರುತ್ತದೆ. ಹೋಮ್ ಡಿಪೋ, ಲೋಸ್‌ನಂಥ ಹಾರ್ಡ್‌ವೇರ್ ಅಂಗಡಿಯಲ್ಲಿ ಅಂಟಿಸುವ ರಿಪೇರಿ ಟ್ಯಾಬ್ ಸಿಗುತ್ತದೆ. ಹರಿದ ತೂತಿನ ಮೇಲೆ ಅಂಟಿಸಿ ಮತ್ತೆ ಸಿಕ್ಕಿಸಿ. ಅದೂ ಬೇಡವೆಂದರೆ ಪಟ್ಟಿಯನ್ನು ತಲೆಕೆಳಗು ಮಾಡಿ, ಇನ್ನೊಂದು ತುದಿಯಲ್ಲಿ ಹೊಸ ತೂತು ಹೊಡೆದರೂ ಆಯ್ತು.

ಡೆಪಾಸಿಟ್ ವಿಷಯ ಇಷ್ಟೇ: ಸೇರುವ ದಿನವೇ ಪ್ರತಿ ಬ್ಲೈಂಡ್ಸ್‌ನ ಫೋಟೋ ತೆಗೆದು ಮ್ಯಾನೇಜರಿಗೆ ಇಮೇಲ್ ಮಾಡಿ. ಕ್ಯಾಲಿಫೋರ್ನಿಯಾದಲ್ಲಿ ನೀವು ಮನೆ ಬಿಟ್ಟ 21 ದಿನದೊಳಗೆ ಮಾಲೀಕರು ಡೆಪಾಸಿಟ್ಟಿನ ಲೆಕ್ಕ ಕೊಡಬೇಕು, ಮಾಮೂಲಿ ಸವೆತಕ್ಕೆ ದುಡ್ಡು ಹಿಡಿಯುವ ಹಾಗಿಲ್ಲ.

ಇಷ್ಟೆಲ್ಲಾ ಮಾಡಿದ ಮೇಲೆ ಬ್ಲೈಂಡ್ಸ್ ಎತ್ತಬೇಕು, ಅದೇ ಮುಖ್ಯ. ಬಿಸಿಲು ಜಾಸ್ತಿ ಅನ್ನಿಸಿದರೆ ಪಟ್ಟಿಗಳ ಹೊರ ಅಂಚು ಕೆಳಗೆ ಬರುವ ಹಾಗೆ ತಿರುಗಿಸಿ. ನೇರ ಬಿಸಿಲು ತಡೆಯುತ್ತದೆ, ಬೆಳಕು ಬರುತ್ತದೆ. ಊರಲ್ಲಿ ನಮ್ಮ ಕಿಟಕಿಗೆ ಸರಳಿತ್ತು, ಮರದ ಬಾಗಿಲಿತ್ತು. ಬೆಳಗ್ಗೆ ಅಂಗಳ ಗುಡಿಸುವ ಹೊತ್ತಿಗೆ ಅದು ತೆರೆಯುತ್ತಿತ್ತು. ಬೀದಿಯಲ್ಲಿ ಹೋಗುವವರು ಕಿಟಕಿಯಿಂದಲೇ ತಿಂಡಿ ಆಯ್ತಾ ಅಂತ ಕೇಳುತ್ತಿದ್ದರು. ಅದು ಇಲ್ಲಿ ಸಿಗುವುದಿಲ್ಲ. ಆ ನಷ್ಟ ನಿಜವಾದದ್ದು, ಎಷ್ಟು ವರ್ಷವಾದರೂ ತುಂಬಿಲ್ಲ. ಆದರೆ ನಾವೇ ಮುಚ್ಚಿಕೊಂಡು ಕೂತರೆ ಅದು ಇನ್ನೂ ದೊಡ್ಡದಾಗುತ್ತದೆ. ಎದುರು ಮನೆಯಲ್ಲಿ ತನ್ನ ವಯಸ್ಸಿನ ಮಗು ಇದೆ ಅನ್ನುವುದು ಮುಚ್ಚಿದ ಮನೆಯಲ್ಲಿ ಬೆಳೆಯುವ ಮಗುವಿಗೆ ಗೊತ್ತೇ ಆಗುವುದಿಲ್ಲ. ಮಕ್ಕಳು ವೇಷ ಹಾಕಿ ಮಿಠಾಯಿ ಕೇಳಿಕೊಂಡು ಮನೆಮನೆಗೆ ಬರುವ ಹ್ಯಾಲೋವೀನ್ ಸಂಜೆ, ದೀಪ ಕಾಣದ ಮನೆಯ ಬಾಗಿಲನ್ನು ಅವರು ತಟ್ಟುವುದಿಲ್ಲ. ದಸರೆಗೆ ಗೊಂಬೆ ಕೂರಿಸುವವರು ಹಾಲಿನ ಬ್ಲೈಂಡ್ಸ್ ಪೂರ್ತಿ ಸರಿಸಿಡಿ. ದಾರಿಯಲ್ಲಿ ಹೋಗುವವರಿಗೆ ಕಾಣಲಿ. ಇದೇನು ಅಂತ ಕೇಳಿಕೊಂಡು ಬಂದವರಿಗೆ ಚರುಪು ಕೊಡಿ. ಸ್ನೇಹ ಶುರುವಾಗಲು ಅಷ್ಟು ಸಾಕು.

ಅಪ್ಪ ಅಮ್ಮ ಆರು ತಿಂಗಳಿಗೆ ಬಂದಾಗ ಇದು ಇನ್ನೂ ಮುಖ್ಯ. ನೀವು ಆಫೀಸಿಗೆ, ಮಕ್ಕಳು ಸ್ಕೂಲಿಗೆ. ಅವರಿಗೆ ಉಳಿಯುವುದು ಕಿಟಕಿ. ಮುರಿದೀತು ಅಂತ ಅವರು ಬ್ಲೈಂಡ್ಸ್ ಮುಟ್ಟುವುದಿಲ್ಲ, ನಿಮ್ಮನ್ನು ಕೇಳುವುದೂ ಇಲ್ಲ. ಬಂದ ಮಾರನೇ ದಿನವೇ ಪಕ್ಕದಲ್ಲಿ ನಿಂತು ಹೇಳಿಕೊಡಿ. ಎತ್ತುವ ಮುಂಚೆ ಪಟ್ಟಿಗಳನ್ನು ಮಟ್ಟಸ ಮಾಡಬೇಕು. ದಾರವಿಲ್ಲದ್ದಾದರೆ ಕೆಳಗಿನ ದಪ್ಪ ಪಟ್ಟಿಯ ನಡುವೆ ಹಿಡಿದು ಮೇಲಕ್ಕೆ ತಳ್ಳಬೇಕು. ದಾರದ್ದಾದರೆ ಹೆಚ್ಚಿನವು ದಾರವನ್ನು ಬ್ಲೈಂಡ್ಸ್‌ನ ಮಧ್ಯಕ್ಕೆ ವಾಲಿಸಿ ಎಳೆದಾಗ ಲಾಕ್ ಬಿಡುತ್ತವೆ, ಹೊರಕ್ಕೆ ವಾಲಿಸಿದಾಗ ನಿಲ್ಲುತ್ತವೆ. ನಿಮ್ಮ ಎದುರಿಗೇ ಅವರ ಕೈಯಲ್ಲಿ ಎರಡು ಮೂರು ಸಲ ಮಾಡಿಸಿ. ಮುರಿದರೆ ಮುರಿಯಲಿ, ರಿಪೇರಿ ಮಾಡೋಣ ಅಂತ ಬಾಯಿಬಿಟ್ಟು ಹೇಳಿ.